ಎರಡನೇ ಮಹಡಿಯ ಗೋಧಿ ಹರಕೆ

ಬ್ರೂಕ್‌ಫೀಲ್ಡಿನ ಕೃಷ್ಣಪ್ಪನವರಿಗೆ ಗೊತ್ತಿಲ್ಲದ ಸಂಗತಿ ಈ ಪ್ರಪಂಚದಲ್ಲಿ ಒಂದೂ ಇರಲಿಲ್ಲ. ಇದ್ದಿದ್ದರೂ ಅದು ಅವರಿಗೆ ಗೊತ್ತಿರಲಿಲ್ಲ. ದಾರಿ ಕೇಳಿ ಬಂದ ಅಪರಿಚಿತರನ್ನು ಅವರು ಬರಿಗೈಯಲ್ಲಿ ಕಳಿಸಿದವರೇ ಅಲ್ಲ. ಬಂದವರು ಕೇಳಿದ ಅಪಾರ್ಟ್‌ಮೆಂಟಿನ ಹೆಸರನ್ನು ಜನ್ಮದಲ್ಲಿ ಕೇಳಿರದಿದ್ದರೂ, ‘ಸ್ಟ್ರೇಟ್ ಹೋಗಿ ಸಾರ್, ಟ್ರಾನ್ಸ್‌ಫಾರ್ಮರ್ ಹತ್ರ ಲೆಫ್ಟು’ ಎಂದು ಎರಡೂ ಕೈ ಬೀಸಿ ಹೇಳುತ್ತಿದ್ದರು. ಹಾಗೆ ಹೋದವರಲ್ಲಿ ಕೆಲವರು ಹೊಸಕೋಟೆ ಮುಟ್ಟಿದ್ದೂ ಉಂಟು. ಯಾರೂ ವಾಪಸ್ಸು ಬಂದು ಜಗಳ ತೆಗೆಯಲಿಲ್ಲ. ಬರುವುದಕ್ಕೆ ಅವರಿಗೆ ದಾರಿ ಗೊತ್ತಿರಬೇಕಲ್ಲ!

ಅಪ್ಪನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಕೃಷ್ಣಪ್ಪನವರ ಕಾಲಕ್ಕೆ ಬಾಡಿಗೆ ಮನೆಗಳು ಬೆಳೆದಿದ್ದವು. ಕೆಳಗೆ ಅವರು, ಹೆಂಡತಿ ಶೋಭಾರಾಣಿ, ತಾಯಿ ಅನುಸೂಯಮ್ಮ. ಮೊದಲನೇ ಮಹಡಿಯಲ್ಲಿ ಯಾರೋ ಕಂಪ್ಯೂಟರಿನವರು. ಇದ್ದಾರೋ ಇಲ್ಲವೋ ಎಂಬುದನ್ನು ಬಾಗಿಲ ಮುಂದಿನ ಚಪ್ಪಲಿ ನೋಡಿಯೇ ತಿಳಿಯಬೇಕು. ಹಿತ್ತಲಿನ ಶೀಟು ಹೊದಿಸಿದ ಕೋಣೆಯಲ್ಲಿ ಬಾಗಲಕೋಟೆ ಕಡೆಯ ಮಲಕವ್ವ. ಗಂಡ ಕಟ್ಟಡದ ಕೆಲಸಕ್ಕೆ ಹೋದರೆ, ಇವಳು ಸುತ್ತಲಿನ ಪಿಜಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಎರಡನೇ ಮಹಡಿ ಖಾಲಿ ಬಿದ್ದಿತ್ತು. ಅಲ್ಲಿಗೆ ಬಂದವಳು ಓರ್ಲಾ.

ಓರ್ಲಾ ಐರ್ಲೆಂಡಿನ ಹುಡುಗಿ. ವೈಟ್‌ಫೀಲ್ಡಿನ ಕಂಪನಿಯೊಂದಕ್ಕೆ ಎರಡು ವರ್ಷದ ಮಟ್ಟಿಗೆ ಕೆಲಸಕ್ಕೆ ಬಂದಿದ್ದಳು. ಅವಳ ತಾಮ್ರದ ಬಣ್ಣದ ಕೂದಲನ್ನು ನೋಡಿ ಅನುಸೂಯಮ್ಮ, ‘ಗೋರಂಟಿ ಆಕ್ಕಂಡವ್ಳಾ?’ ಎಂದು ಕೇಳಿ, ಇಲ್ಲ, ಹುಟ್ಟಿನಿಂದಲೇ ಹಾಗೆ ಎಂದು ತಿಳಿದ ಮೇಲೂ ನಂಬದೆ, ಅವಳ ಹೆಸರನ್ನು ಮಾತ್ರ ಓರಲಮ್ಮ ಎಂದು ಸರಿಪಡಿಸಿ ಇಟ್ಟುಕೊಂಡರು.

ಮನೆ ನೋಡಲು ಬಂದ ದಿನವೇ ಓರ್ಲಾ ಮೆಟ್ಟಿಲು ಹತ್ತುತ್ತಾ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ತನಗೆ ಸೀಲಿಯಾಕ್ ಎಂಬ ಕಾಯಿಲೆ ಇದೆ. ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಹೊಟ್ಟೆಗೆ ಹೋಗುವಂತಿಲ್ಲ. ಹಿಟ್ಟಿನ ಒಂದು ಕಣ ಸೌಟಿಗೆ ಅಂಟಿದ್ದರೂ ಆಗದು. ಆದ್ದರಿಂದ ಅಡುಗೆಮನೆಯನ್ನು ತಾನೇ ಉಜ್ಜಿ ತೊಳೆದುಕೊಳ್ಳುತ್ತೇನೆ. ನಡುವೆ ಊರಿನಲ್ಲಿರುವ ತನ್ನ ತಾಯಿಗೆ ಮಂಡಿ ನೋವು, ಇಷ್ಟು ಮೆಟ್ಟಿಲು ಅವರಿಂದ ಹತ್ತಲಾಗದು ಎಂದೂ ಅಂದಳು. ಇದೆಲ್ಲ ಅವಳ ದೇಶದ ಇಂಗ್ಲಿಷಿನಲ್ಲಿ, ಅವಳ ದೇಶದ ವೇಗದಲ್ಲಿ. ಕೃಷ್ಣಪ್ಪನವರ ಕಿವಿಗೆ ಸಿಕ್ಕಿದ್ದು ಗೋಧಿ, ತೊಳೆಯುವುದು, ಅಮ್ಮ, ಮಂಡಿ. ‘ಐ ನೋ ಮೇಡಂ, ಐ ನೋ’ ಎಂದರು. ‘ಫುಲ್ ಐ ನೋ.’

ಓರ್ಲಾ ಬಂದವಳೇ ಅಡುಗೆಮನೆಯ ಕಲ್ಲನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಹಿಂದಿನ ಬಾಡಿಗೆದಾರರು ಬಿಟ್ಟುಹೋಗಿದ್ದ ತವಾ, ಲಟ್ಟಣಿಗೆಗಳನ್ನು ಹೊರಗಿಟ್ಟಳು. ಹೊಸ ಪಾತ್ರೆ, ಹೊಸ ಸೌಟು, ಹೊಸ ಜರಡಿ ತಂದಳು. ಅನುಸೂಯಮ್ಮ ಮೆಟ್ಟಿಲ ಬುಡದಲ್ಲಿ ಕೂತು, ಮೇಲಿನ ಉಜ್ಜುವ ಸದ್ದು ಕೇಳುತ್ತಾ, ಹೋಗಿಬರುವ ಸಾಮಾನನ್ನು ನೋಡಿದ್ದೇ ನೋಡಿದ್ದು.

‘ಕಿಟ್ಟಾ, ಆ ಉಡ್ಗಿ ಯಾಕ್ಲಾ ಅಂಗೆ ಉಜ್ತಾವ್ಳೆ?’

‘ಅವಳು ಗೋಧಿ ಮುಟ್ಟಲ್ವಂತಮ್ಮ.’

‘ಯಾಕಂತೆ?’

ಕೃಷ್ಣಪ್ಪನವರು ಒಂದು ಕ್ಷಣ ಆಕಾಶ ನೋಡಿದರು. ‘ಗೊತ್ತಿಲ್ಲ’ ಎನ್ನುವುದಕ್ಕೆ ಬೇಕಾದದ್ದು ಮೂರೇ ಅಕ್ಷರ. ಆದರೆ ಅವರ ನಾಲಿಗೆಗೆ ಆ ಮೂರನ್ನು ಎಂದೂ ಹೊರಳಿಸಿ ಅಭ್ಯಾಸವಿರಲಿಲ್ಲ. ಬೇರೆ ಮೂರು ಹೊರಬಿದ್ದವು.

‘ಹರಕೆ.’

‘ಏತಕ್ಕೆ?’

‘ಅವರಮ್ಮಂಗೆ ಮಂಡಿ ನೋವು. ವಾಸಿ ಆಗೋವರೆಗೂ ಗೋಧಿ ಮುಟ್ಟಲ್ಲ ಅಂತ.’

ಅನುಸೂಯಮ್ಮ ಕಾಶಿಗೆ ಹೋಗಿದ್ದಾಗ, ತಮಗೆ ಮೊದಲಿನಿಂದಲೂ ಸೇರದ ಹಾಗಲಕಾಯಿಯನ್ನು ದೇವರಿಗೆ ಬಿಟ್ಟು ಬಂದವರು. ಬ್ರೆಡ್ಡು ತಿಂದೇ ಬೆಳೆದ ದೇಶದ ಹುಡುಗಿ ಅಮ್ಮನಿಗೋಸ್ಕರ ಬ್ರೆಡ್ಡನ್ನೇ ಬಿಟ್ಟಿದ್ದಾಳೆಂದು ಕೇಳಿ ಅವರ ಕಣ್ಣು ತುಂಬಿತು. ಒಳಗಿದ್ದ ಸೊಸೆಯನ್ನು ಕೂಗಿದರು. ಸೊಸೆ ಮಲಕವ್ವನನ್ನು ಕೂಗಿದಳು. ಮಲಕವ್ವ ಕೂಗದೆಯೇ ಬೀದಿಗೆಲ್ಲ ಕೇಳಿಸಿತು.

ಒಂದು ಶನಿವಾರ ಓರ್ಲಾ ಕೆಳಗೆ ಬಂದು, ಟೀ ಜೊತೆಗೆ ಏನಾದರೂ ಸಿಹಿ ತಿನ್ನಬೇಕೆನಿಸುತ್ತಿದೆ, ತನಗೆ ಆಗುವಂಥದ್ದು ಇಲ್ಲಿ ಎಲ್ಲಿಯಾದರೂ ಸಿಗುತ್ತದೆಯೇ ಎಂದು ಕೇಳಿದಳು. ಕೃಷ್ಣಪ್ಪನವರು ‘ಐ ನೋ’ ಎಂದು ಚಪ್ಪಲಿ ಮೆಟ್ಟಿ, ಅವಳನ್ನು ಮೂಲೆಯ ಮುತ್ತಣ್ಣನ ಬೇಕರಿಗೆ ಕರೆದೊಯ್ದರು.

‘ಮುತ್ತಣ್ಣ, ಮೇಡಂಗೆ ಗೋಧಿ ಇಲ್ದೇ ಇರೋ ಸ್ವೀಟ್ ಕೊಡು.’

‘ಎಗ್‌ಲೆಸ್ಸಾ ಸಾರ್? ಇದೆ.’

‘ಮೊಟ್ಟೆ ಅಲ್ಲಪ್ಪಾ, ಗೋಧಿ.’

‘ಶುಗರ್‌ಲೆಸ್ಸಾ? ಅದೂ ಇದೆ.’

‘ಗೋಧಿ ಕಣೋ, ಗೋಧಿ! ಗೋಧಿ ಇರಬಾರದು.’

‘ಅಯ್ಯೋ, ಅಷ್ಟೇನಾ?’ ಮುತ್ತಣ್ಣನ ಮುಖ ಅರಳಿತು. ‘ನಮ್ಮಲ್ಲಿ ಗೋಧಿ ಮಾತೇ ಇಲ್ಲ ಸಾರ್. ಪ್ಯೂರ್ ಮೈದಾ.’

‘ನೋ ವೀಟ್ ಮೇಡಂ!’ ಕೃಷ್ಣಪ್ಪನವರು ಗೆದ್ದವರಂತೆ ಸಾರಿದರು. ‘ಓನ್ಲಿ ಮೈದಾ!’

ಓರ್ಲಾ ಎರಡು ಹೆಜ್ಜೆ ಹಿಂದೆ ಸರಿದು, ಮೈದಾ ಬರುವುದೂ ಗೋಧಿಯಿಂದಲೇ ಎಂದು ನಿಧಾನವಾಗಿ ತಿಳಿಸಿದಳು. ಗಾಜಿನೊಳಗಿನ ಮೈಸೂರು ಪಾಕಿನ ಕಡೆ ಬೆರಳು ತೋರಿಸಿದಳು. ‘ಕಡ್ಲೆಹಿಟ್ಟು ಮೇಡಂ, ಬರೀ ಕಡ್ಲೆಹಿಟ್ಟು’ ಎಂದ ಮುತ್ತಣ್ಣ, ಮೂಲತಃ ಪ್ರಾಮಾಣಿಕನಾದ್ದರಿಂದ, ‘ಒಂಚೂರು ಮೈದಾ ಹಾಕ್ತೀವಿ, ಗಟ್ಟಿ ನಿಲ್ಬೇಕಲ್ಲ’ ಎಂದೂ ಸೇರಿಸಿದ. ಕೊಬ್ಬರಿ ಮಿಠಾಯಿಯಲ್ಲಿ ಕೊಬ್ಬರಿ, ಸಕ್ಕರೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಅದನ್ನು ಕತ್ತರಿಸಲು ಅವನು ಎತ್ತಿಕೊಂಡ ಚಾಕು ಆಗಷ್ಟೇ ಕೇಕಿನಿಂದ ಹೊರಬಂದಿತ್ತು. ಓರ್ಲಾ ಚಾಕನ್ನು ನೋಡಿದಳು. ಮುತ್ತಣ್ಣ ಓರ್ಲಾಳನ್ನು ನೋಡಿದ. ಕೊನೆಗೆ ಚಾಕು ಕೆಳಗಿಟ್ಟು, ‘ಸಾರ್, ಈ ಅಂಗಡೀಲಿ ಮೈದಾ ಇಲ್ಲದ್ದು ಅಂದ್ರೆ ಆ ಫ್ಯಾನ್ ಒಂದೇ. ಅದರ ರೆಕ್ಕೆ ಒರೆಸಿ ಎಷ್ಟು ದಿನ ಆಯ್ತೋ, ಅದನ್ನೂ ಗ್ಯಾರಂಟಿ ಹೇಳಲ್ಲ’ ಎಂದು ಕೈ ಮುಗಿದ.

ದಾರಿಯಲ್ಲಿ ಓರ್ಲಾ ನಗುನಗುತ್ತಲೇ ಹೇಳಿದಳು. ಒಂಬತ್ತನೇ ವಯಸ್ಸಿನಿಂದ ಇದೇ ಆಗಿದೆ. ಹೋದ ಊರಿನಲ್ಲೆಲ್ಲ ತಿನ್ನುವ ಮುಂಚೆ ಕೇಳುವುದು, ಕೇಳಿದ ಮೇಲೆ ತಿನ್ನದೆ ಬರುವುದು. ಮಾತು ಪೂರ್ತಿ ತಿಳಿಯದಿದ್ದರೂ, ಬೇಕರಿಯ ಗಾಜಿನ ಕಡೆ ಅವಳು ಒಮ್ಮೆ ತಿರುಗಿ ನೋಡಿದ್ದು ಕೃಷ್ಣಪ್ಪನವರಿಗೆ ತಿಳಿಯಿತು. ಮನೆಗೆ ಬಂದು, ಒಂಬತ್ತನೇ ವಯಸ್ಸಿನಿಂದಲೂ ಹೀಗೇ ಅಂತೆ ಎಂದು ತಾಯಿಗೆ ವರದಿ ಒಪ್ಪಿಸಿದರು.

‘ಅಮ್ಮನಿಗೋಸ್ಕರ ಅರಕೆ ಒತ್ತ ಮಗು, ಬಾಯಿಗೆ ಒಂದು ಚೂರು ಸಿಹಿ ಇಲ್ದೆ ಇರೋದಾ? ಅದೂ ನಮ್ಮನೆ ಮ್ಯಾಗೆ?’ ಎಂದರು ಅನುಸೂಯಮ್ಮ. ಸೊಂಟಕ್ಕೆ ಸೆರಗು ಸಿಕ್ಕಿಸಿದರು.

ಮುಂದೆ ನಡೆದದ್ದನ್ನು ಯುದ್ಧದ ತಯಾರಿ ಎಂದೇ ಕರೆಯಬೇಕು. ಮಿಲ್ಲಿನ ಬಸಲಿಂಗ ಬೆಳಿಗ್ಗೆ ಅಂಗಡಿ ತೆರೆದೊಡನೆ ಮಿಷನ್ನಿನ ಕಲ್ಲು ಬಿಚ್ಚಿ ಉಜ್ಜಿ, ಮೊದಲು ಒಂದಿಷ್ಟು ಅಕ್ಕಿ ಹಾಕಿ ಬೀಸಿ ಆ ಹಿಟ್ಟನ್ನು ಹಸುವಿಗೆ ಎತ್ತಿಟ್ಟು, ಆಮೇಲೆ ಓರಲಮ್ಮನ ಅಕ್ಕಿ, ರಾಗಿ ಬೀಸಿಕೊಡಲು ಒಪ್ಪಿದ. ಇದೇ ಬಸಲಿಂಗ, ತನ್ನ ಸ್ವಂತ ಅತ್ತೆಯ ಹಿಟ್ಟಿನಲ್ಲಿ ಮೆಣಸಿನಪುಡಿ ಬೆರೆತಾಗ ‘ಖಾರದ ರೊಟ್ಟಿ ಮಾಡ್ಕೊಳ್ಳಿ’ ಎಂದವನು. ಅನುಸೂಯಮ್ಮ ಹುರಿಗಡಲೆ, ಅಕ್ಕಿ, ಬೆಲ್ಲದ ತಂಬಿಟ್ಟು ಕಟ್ಟಿದರು. ಶೋಭಾರಾಣಿ ಎಳ್ಳುಂಡೆ ಮಾಡಿದಳು. ಮಲಕವ್ವ ಶೇಂಗಾ ಉಂಡಿ ತಂದು, ‘ಯವ್ವಾ, ನನ್ನ ಹಂಚಿಗೆ ಜ್ವಾಳ ಬಿಟ್ರ ಬ್ಯಾರೆ ಹಿಟ್ಟಿನ ವಾಸನಿ ಸೈತ ಗೊತ್ತಿಲ್ಲ. ತಿನ್ನವ್ವಾ, ತಿನ್ನು’ ಎಂದಳು. ಕೆಳಗಿನ ಅಡುಗೆಮನೆಯಲ್ಲಿ ಒಂದು ಕಪಾಟು ಓರಲಮ್ಮನದೇ ಆಯಿತು. ಅದರೊಳಗಿನ ಸೌಟಿಗೆ ಕೆಂಪು ದಾರ ಕಟ್ಟಿದರು. ಆ ಸೌಟನ್ನು ಮರೆತು ಸಾರಿಗೆ ಅದ್ದಿದ್ದಕ್ಕೆ ಕೃಷ್ಣಪ್ಪನವರು ಊಟದ ತಟ್ಟೆಯ ಮುಂದೆಯೇ ಕ್ಷಮೆ ಕೇಳಬೇಕಾಯಿತು.

ಓರ್ಲಾ ಮೊದಮೊದಲು ಪ್ರತಿಯೊಂದಕ್ಕೂ ಕೇಳುತ್ತಿದ್ದಳು: ಇದರಲ್ಲಿ ಏನಿದೆ, ಯಾವ ಪಾತ್ರೆ, ಯಾವ ಮಿಲ್ಲು. ಅನುಸೂಯಮ್ಮ ಬಾಯಲ್ಲಿ ಉತ್ತರ ಹೇಳುತ್ತಿರಲಿಲ್ಲ. ಅವಳ ಕೈ ಹಿಡಿದು ಒಳಗೆ ಕರೆದೊಯ್ದು ಕಪಾಟು ತೆರೆದು ತೋರಿಸುತ್ತಿದ್ದರು. ಬರಬರುತ್ತಾ ಅವಳು ಕೇಳುವುದು ಕಡಿಮೆಯಾಯಿತು. ‘ಚೆನ್ನಾಗಿದೆ’, ‘ಸಾಕು ಅಜ್ಜಿ’, ‘ಇನ್ನೊಂದು’ ಎಂಬ ಕನ್ನಡ ಬಂತು. ಈ ಮೂರರಲ್ಲಿ ಹೆಚ್ಚು ಬಳಕೆಯಾದದ್ದು ಕೊನೆಯದು.

ಬೀದಿಯಲ್ಲಿ ಅವಳ ಕೀರ್ತಿ ಬೆಳೆಯಿತು. ಮೀಟರು ನೋಡಲು ಬರುವ ಲೈನ್‌ಮನ್ ಯಮನೂರ ಎರಡನೇ ಮಹಡಿಯ ಮೀಟರಿಗೆ ಮಾತ್ರ ಶೂ ಬಿಚ್ಚಿ ಹೋಗತೊಡಗಿದ. ಎದುರುಮನೆಯಾಕೆ ಪರೀಕ್ಷೆಯ ದಿನ ಮಗಳನ್ನು ಕರೆತಂದು ಓರ್ಲಾಳ ಕೈ ಎತ್ತಿ ಹುಡುಗಿಯ ತಲೆಯ ಮೇಲಿಟ್ಟಳು. ಇಲ್ಲಿ ಹೀಗೆ ನಮಸ್ಕಾರ ಹೇಳುತ್ತಾರೇನೋ ಎಂದುಕೊಂಡ ಓರ್ಲಾ ಮರುದಿನ ದಾರಿಯಲ್ಲಿ ಸಿಕ್ಕಿದ ಪೋಸ್ಟ್‌ಮನ್ನನ ತಲೆ ಮುಟ್ಟಿದಳು. ಅವನ ಬಹುದಿನದ ವರ್ಗಾವಣೆ ಅದೇ ವಾರ ಆಗಿಬಿಡಬೇಕೇ! ಅಲ್ಲಿಂದ ಮುಂದೆ ಅವಳು ಕ್ಯಾಬ್ ಹತ್ತುವ ಹೊತ್ತಿಗೆ ಗೇಟಿನ ಬಳಿ ನಾಲ್ಕಾರು ತಲೆಗಳು ತಯಾರಿರುತ್ತಿದ್ದವು.

ಹೀಗಿರುವಾಗ ಶೋಭಾರಾಣಿ ಚಕ್ಕುಲಿ ಮಾಡಿದಳು. ಅಕ್ಕಿ, ಉದ್ದು, ಎಳ್ಳು, ಬೆಣ್ಣೆ. ಎಲ್ಲ ಕೆಂಪು ದಾರದ ಕಪಾಟಿನದೇ. ಓರ್ಲಾ ಕೇಳದೆ ತಿಂದಳು. ಮರುದಿನ ಮೇಲಿನಿಂದ ಇಳಿದು ಬಂದವಳ ಮುಖ ಬಿಳಿ ಕಾಗದವಾಗಿತ್ತು. ಹೊಟ್ಟೆ ಹಿಡಿದು ಮೆಟ್ಟಿಲ ಮೇಲೇ ಕುಳಿತಳು. ಕೃಷ್ಣಪ್ಪನವರು ಆಟೋ ತಂದು ಅವಳನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದರು.

ಡಾಕ್ಟರಮ್ಮ ಅವಳ ಹತ್ತಿರ ಮಾತಾಡಿ, ಹೊರಬಂದು ಕೃಷ್ಣಪ್ಪನವರನ್ನು ಕರೆದರು. ‘ಮನೆ ಓನರ್ ನೀವಾ? ನೋಡಿ, ಇದು ಅಲರ್ಜಿ ಅಲ್ಲ, ಹಟಾನೂ ಅಲ್ಲ. ಗೋಧಿ ಒಳಗಿರೋ ಒಂದು ಅಂಶ ಇವರ ಕರುಳಿನ ಒಳಪದರನೇ ಕೆಡಿಸುತ್ತೆ. ಚಿಟಿಕೆ ಸಾಕು. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಗೋಧಿ ಬಿಡೋದೇ ಔಷಧಿ. ಬದುಕಿರೋವರೆಗೂ.’

‘ಗೊತ್ತು ಮೇಡಂ’ ಎಂದರು ಕೃಷ್ಣಪ್ಪನವರು. ಆದರೆ ಬೆಂಚಿನ ಮೇಲೆ ಕೂತುಬಿಟ್ಟರು. ಹರಕೆಯಲ್ಲ, ಕಾಯಿಲೆ. ಇವತ್ತೇ ಮನೆಗೆ ಹೋಗಿ ನಿಜ ಹೇಳಿಬಿಡಬೇಕೆಂದು ಅಲ್ಲೇ ನಿರ್ಧರಿಸಿದರು.

ಮನೆಗೆ ಬಂದರೆ ಅಲ್ಲಿ ಬೇರೆಯೇ ನಡೆದಿತ್ತು. ಓರ್ಲಾ ಆಟೋದಲ್ಲಿ ಕೂತೇ ಶೋಭಾರಾಣಿಗೆ ಫೋನು ಮಾಡಿ, ಚಕ್ಕುಲಿಗೆ ಹಾಕಿದ ಇಂಗಿನ ಡಬ್ಬಿಯ ಹಿಂದೆ ಏನು ಬರೆದಿದೆ ನೋಡಿ ಎಂದಿದ್ದಳು. ಶೋಭಾರಾಣಿ ಕನ್ನಡಕ ಹಾಕಿಕೊಂಡು ಓದಿದಳು. ಡಬ್ಬಿಯೊಳಗೆ ಇಂಗಿಗಿಂತ ಗೋಧಿಹಿಟ್ಟೇ ಹೆಚ್ಚಿತ್ತು!

‘ಇಷ್ಟು ವರ್ಷ ನಾವು ಇಂಗು ಅಂತ ತಿಂದಿದ್ದು ಗೋಧಿನಾ?’ ಅನುಸೂಯಮ್ಮ ಹಣೆ ಚಚ್ಚಿಕೊಂಡರು. ‘ನೋಡ್ದಾ ಕಿಟ್ಟಾ! ನಾವು ಕಣ್ಣಲ್ಲಿ ನೋಡಿದ್ರೂ ಕಾಣ್ನಿಲ್ಲ, ಅವ್ಳ ಒಟ್ಟೆಗೆ ಕಂಡ್‌ಬುಡ್ತು. ಅದು ಒಟ್ಟೆ ಅಲ್ಲ, ಸತ್ಯ. ಎಂಥಾ ಕಟ್ಟುನಿಟ್ಟಿನ ಅರಕೆ ಇರ್ಬೇಕು!’

‘ತಪ್ಪಾತ್ರಿ ಯವ್ವಾ, ತಪ್ಪಾತು’ ಎಂದು ಮಲಕವ್ವ ಕೆನ್ನೆ ಬಡಿದುಕೊಂಡಳು. ಅವಳು ಇಂಗು ಮುಟ್ಟಿರಲೇ ಇಲ್ಲ. ಆದರೂ ಬಡಿದುಕೊಳ್ಳುವುದರಲ್ಲಿ ಹಿಂದೆ ಬೀಳಲಿಲ್ಲ. ಬೀದಿಯ ಮನೆಮನೆಯಿಂದ ಇಂಗಿನ ಡಬ್ಬಿಗಳು ಹೊರಬಂದು ಕಸದ ಗಾಡಿ ಸೇರಿದವು. ಮೆಣಸಿನಪುಡಿ, ಸಾರಿನಪುಡಿಗಳ ಪ್ಯಾಕೆಟ್ಟುಗಳನ್ನೆಲ್ಲ ತಿರುಗಿಸಿ ಓದಲಾಯಿತು.

ಕೃಷ್ಣಪ್ಪನವರು ಬಾಗಿಲಲ್ಲೇ ನಿಂತು ಯೋಚಿಸಿದರು. ಅವರ ಯೋಚನೆ ಸಾಮಾನ್ಯವಾಗಿ ದೂರ ಹೋಗುವಂಥದ್ದಲ್ಲ, ಆದರೆ ಅಂದು ಹೋಯಿತು. ಕಾಯಿಲೆ ಎಂದಿದ್ದರೆ ಬಸಲಿಂಗ ಕಲ್ಲು ಬಿಚ್ಚುತ್ತಿದ್ದನೇ? ತಮ್ಮ ಭಾಮೈದನಿಗೆ ಸಕ್ಕರೆ ಕಾಯಿಲೆ ಎಂದು ಎಲ್ಲರಿಗೂ ಗೊತ್ತು. ‘ಒಂದು ಜಾಮೂನಿಗೆ ಏನೂ ಆಗಲ್ಲ’ ಎಂದು ಅವನ ಬಾಯಿಗೆ ತುರುಕದ ಮನೆ ಯಾವುದಿದೆ? ಕಾಯಿಲೆಯವನನ್ನು ಒತ್ತಾಯ ಮಾಡಬಹುದು, ದೇವರಿಗೆ ಮಾತು ಕೊಟ್ಟವನನ್ನು ಮಾಡುವಂತಿಲ್ಲ. ಅವರು ಬಾಯಿ ಮುಚ್ಚಿಕೊಂಡರು.

ವಾರ ಕಳೆದು ಚೇತರಿಸಿಕೊಂಡ ಓರ್ಲಾ ಅವರನ್ನು ಗೇಟಿನ ಬಳಿ ನಿಲ್ಲಿಸಿ ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದಳು. ‘ಅಂಕಲ್, ನನ್ನ ಊರಿನಲ್ಲೇ ನನ್ನ ಚಿಕ್ಕಮ್ಮ ಇವತ್ತಿಗೂ ಒಂದು ಬಿಸ್ಕತ್ತಿಗೆ ಏನಾಗುತ್ತೆ ಅಂತಾಳೆ. ಇಲ್ಲಿ ಇಡೀ ಬೀದಿಗೆ ನೀವು ಹೇಗೆ ಅರ್ಥ ಮಾಡಿಸಿದಿರಿ?’

‘ಟ್ರೈನಿಂಗ್, ಮೇಡಂ’ ಎಂದರು ಕೃಷ್ಣಪ್ಪನವರು. ‘ಐ ಗಿವ್ ಟ್ರೈನಿಂಗ್.’

ಅಷ್ಟಕ್ಕೇ ನಿಂತಿದ್ದರೆ ಎಲ್ಲ ಚೆನ್ನಾಗಿಯೇ ಇರುತ್ತಿತ್ತು. ಆದರೆ ಐರ್ಲೆಂಡಿನಲ್ಲಿ ಓರ್ಲಾಳ ತಾಯಿಗೆ ಮಂಡಿಯ ಆಪರೇಷನ್ ಆಯಿತು, ಅದೂ ಯಶಸ್ವಿಯಾಗಿ. ಓರ್ಲಾ ಕುಣಿಯುತ್ತಾ ಇಳಿದು ಬಂದು ಫೋನಿನಲ್ಲಿ ವಿಡಿಯೋ ತೋರಿಸಿದಳು. ಬಿಳಿಗೂದಲ ಹೆಂಗಸೊಬ್ಬಳು ಹಸಿರು ಬಾಗಿಲಿನ ಮನೆಯ ಮೆಟ್ಟಿಲುಗಳನ್ನು ಕೋಲಿಲ್ಲದೆ ಹತ್ತಿ, ಮೇಲೆ ನಿಂತು ಕೈ ಬೀಸಿದಳು. ಶೋಭಾರಾಣಿ ಅತ್ತಳು. ಮಲಕವ್ವ ಫೋನಿಗೇ ದೃಷ್ಟಿ ನಿವಾಳಿಸಿದಳು. ಅನುಸೂಯಮ್ಮ ಎದ್ದು ದೇವರ ಮುಂದೆ ದೀಪ ಹಚ್ಚಿ ಬಂದು ಹೇಳಿದರು: ‘ಅರಕೆ ಕೂಡಿ ಬಂತು. ಭಾನುವಾರ ತೀರಿಸ್‌ಬುಡಾನ.’

ಹರಕೆ ತೀರಿಸುವುದೆಂದರೆ, ಬಿಟ್ಟ ಪದಾರ್ಥವನ್ನು ಹಿರಿಯರ ಕೈಯಿಂದ ಮೊದಲ ತುತ್ತಾಗಿ ಬಾಯಿಗೆ ಹಾಕಿಸಿಕೊಳ್ಳುವುದು. ಬಿಟ್ಟ ಪದಾರ್ಥ ಗೋಧಿ. ಅಡುಗೆಯ ಪಟ್ಟಿ ಅಲ್ಲಿಯೇ ಸಿದ್ಧವಾಯಿತು: ಹೋಳಿಗೆ, ಚಿರೋಟಿ, ರವೆ ಉಂಡೆ. ಮಲಕವ್ವನ ಪಾಲಿಗೆ ಗೋಧಿ ಹುಗ್ಗಿ. ಓರಲಮ್ಮನಿಗೆ ಮೊದಲೇ ಹೇಳಕೂಡದು, ಎಲೆಯ ಮುಂದೆ ಕೂತಾಗಲೇ ತಿಳಿಯಲಿ ಎಂದೂ ತೀರ್ಮಾನವಾಯಿತು.

ಕೃಷ್ಣಪ್ಪನವರಿಗೆ ಬೆವರು ಇಳಿಯಿತು. ಬೇರೆಲ್ಲಾದರೂ ಆಗಿದ್ದರೆ ಓರ್ಲಾ ತಟ್ಟೆ ಮುಟ್ಟುವ ಮುಂಚೆ ಹತ್ತು ಪ್ರಶ್ನೆ ಕೇಳುತ್ತಿದ್ದಳು. ಈ ಮನೆಯಲ್ಲಿ, ಈ ಅಜ್ಜಿಯ ಕೈಯಿಂದ, ಕಣ್ಣು ಮುಚ್ಚಿ ಬಾಯಿ ತೆರೆಯುತ್ತಾಳೆ.

ಮೊದಲು ತಾಯಿಯನ್ನು ಹಿಡಿದರು. ‘ಅಮ್ಮ, ಅವರಿಗೆ ಇನ್ನೊಂದು ಮಂಡಿ ಇದೆಯಲ್ಲ? ಅದೂ ವಾಸಿಯಾಗಲಿ, ತಡಿ.’

‘ಅದಕ್ಕೆ ಬ್ಯಾರೆ ಅರಕೆ. ಕೊಟ್ಟ ಮಾತು ಎಳೀಬಾರದು ಕಣ್ಲಾ. ಡೇಟು ಮುಂದಕ್ಕೆ ಆಕಕ್ಕೆ ದ್ಯಾವ್ರೇನು ಕಂಪ್ನಿಯೋನಾ?’

ಮೈದಾ ಪ್ಯಾಕೆಟ್ಟುಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಚ್ಚಿಟ್ಟರು. ಮೈದಾ ಕಾಣದ ಶೋಭಾರಾಣಿ ಅವರನ್ನೇ ಅಂಗಡಿಗೆ ಓಡಿಸಿದಳು. ಅದೇ ಪ್ಯಾಕೆಟ್ಟುಗಳನ್ನು ಡಿಕ್ಕಿಯಿಂದ ತೆಗೆದು ತಂದು ಕೊಟ್ಟು, ಬಿಸಿಲಿಗೆ ಬಿಟ್ಟು ಹಿಟ್ಟು ಬೆಚ್ಚಗೆ ಮಾಡಿದ್ದೀರೆಂದು ಬೈಸಿಕೊಂಡರು. ಆಗ ಅವರು ಹೆಂಡತಿಗೆ ನಿಜ ಹೇಳಲು ಬಾಯಿ ತೆರೆದರು. ‘ಶೋಭಾ, ಆ ಹರಕೆ ವಿಷ್ಯ…’

‘ಹೂಂ ರೀ, ನಾನೂ ಅದೇ ಅಂದ್ಕೊಂಡೆ. ಮದುವೆ ಆದಾಗಿಂದ ನೀವು ಹೇಳಿದ್ದು ಒಂದಾದ್ರೂ ನಿಜ ಆಯ್ತಲ್ಲ ಅಂತ. ನನಗೆಷ್ಟು ಹೆಮ್ಮೆ ಆಯ್ತು ಗೊತ್ತಾ?’

ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಉಳಿದದ್ದು ಓರ್ಲಾ. ಶನಿವಾರ ಸಂಜೆ ಅವಳು ಕ್ಯಾಬಿನಿಂದ ಇಳಿಯುವುದನ್ನೇ ಕಾದು, ತಮ್ಮ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿದರು. ‘ಮೇಡಂ. ಟುಮಾರೋ, ಫಂಕ್ಷನ್. ಯು, ನೋ ಈಟ್. ಈಟ್, ಬಿಗ್ ಪ್ರಾಬ್ಲಮ್. ಗಾಡ್ ಪ್ರಾಬ್ಲಮ್.’

ಓರ್ಲಾ ಗಂಭೀರಳಾಗಿ ತಲೆಯಾಡಿಸಿದಳು. ಪೂಜೆಗೆ ಮುಂಚೆ ಉಪವಾಸ ಇರುವುದನ್ನು ಅವಳು ಆಫೀಸಿನಲ್ಲಿ ಕೇಳಿದ್ದಳು. ‘ಐ ನೋ ಅಂಕಲ್, ಐ ನೋ’ ಎಂದು ಅವರ ಭುಜ ತಟ್ಟಿ, ಆ ಕ್ಷಣದಿಂದಲೇ ಊಟ ಬಿಟ್ಟಳು.

ಭಾನುವಾರ ಬೆಳಿಗ್ಗೆ ಕೆಳಗಿನ ಹಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಬಸಲಿಂಗ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದಿದ್ದ. ಯಮನೂರ ಬರಿಗಾಲಲ್ಲಿ ಮೂಲೆ ಹಿಡಿದಿದ್ದ. ಶೋಭಾರಾಣಿ ಉಡಿಸಿದ ಹಸಿರು ಸೀರೆಯಲ್ಲಿ ಓರ್ಲಾ ಎಲೆಯ ಮುಂದೆ ಕುಳಿತಳು. ಹಿಂದಿನ ದಿನದಿಂದ ಹಸಿದ ಕಣ್ಣು ಹೋಳಿಗೆಯ ರಾಶಿಯ ಮೇಲೆ ನೆಟ್ಟಿತ್ತು. ಏನೂ ಕೇಳಲಿಲ್ಲ. ಅನುಸೂಯಮ್ಮ ಒಂದು ಹೋಳಿಗೆಯನ್ನು ನಾಲ್ಕಾಗಿ ಮಡಿಸಿ, ತುಪ್ಪದಲ್ಲಿ ಅದ್ದಿ, ‘ಬಾಯಿ ತೆಗಿ ಮಗಳೇ’ ಎಂದರು. ಓರ್ಲಾ ಬಾಯಿ ತೆರೆದಳು.

ಹೋಳಿಗೆ ಅರ್ಧ ದಾರಿಯಲ್ಲಿತ್ತು. ಕೃಷ್ಣಪ್ಪನವರು ಹಿಂದಿನಿಂದ ಹಾರಿ, ಕುತ್ತಿಗೆ ಚಾಚಿ, ಆ ಹೋಳಿಗೆಗೆ ಬಾಯಿ ಹಾಕಿಬಿಟ್ಟರು.

ಅನುಸೂಯಮ್ಮನ ಕೈಯಲ್ಲಿ ತುಪ್ಪ ಮಾತ್ರ ಉಳಿಯಿತು.

‘ಕಿಟ್ಟಾ!’

ತಾಯಿ ಇನ್ನೊಂದು ಹೋಳಿಗೆ ಎತ್ತಿದರು. ಅದನ್ನೂ ಕಿತ್ತು ಬಾಯಿಗೆ ತುರುಕಿಕೊಂಡರು. ಮಲಕವ್ವ ಹುಗ್ಗಿಯ ಬಟ್ಟಲು ಮುಂದೆ ತಂದಳು. ಎಡಗೈಯಿಂದ ಅದನ್ನು ಹಿಡಿದುಕೊಂಡರು. ‘ಅಯ್ಯೋ, ಇವ್ರಿಗೆ ಏನೋ ಹಿಡ್ಕೊಂಡಿದೆ!’ ಎಂದು ಶೋಭಾರಾಣಿ ಕೂಗಿದಳು. ಕೃಷ್ಣಪ್ಪನವರು ಕೈ ಆಡಿಸಿದರು, ಕಣ್ಣು ಅರಳಿಸಿದರು, ಹೂರಣ ಉಗುಳಿದರು. ಸತ್ಯ ನುಡಿಯಲು ಇರಬೇಕಾದ ಗುಣಗಳಲ್ಲಿ ಧೈರ್ಯ ಎರಡನೆಯದು, ಮೊದಲನೆಯದು ಖಾಲಿ ಬಾಯಿ. ಎಲ್ಲರೂ ಕಾದರು. ಯಮನೂರ ನೀರು ಕೊಟ್ಟ. ಕೊನೆಗೊಮ್ಮೆ ಗಂಟಲು ತೆರವಾಯಿತು.

‘ಹರಕೆ ಇಲ್ಲಮ್ಮ. ನನಗೆ ಗೊತ್ತಿರಲಿಲ್ಲ, ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಅದು ಕಾಯಿಲೆ. ಗೋಧಿ ತಿಂದ್ರೆ ಕರುಳು ಕೆಡುತ್ತೆ.’

ಎಲ್ಲರ ಮುಖದಲ್ಲೂ ಒಂದು ಬಗೆಯ ನಿರಾಳ ಹರಡಿತು. ಕೃಷ್ಣಪ್ಪನವರು ಹೆದರಿದ್ದುದು ಇದಕ್ಕೇ.

‘ಜಡ್ಡು ಅನ್ರಿ ಮತ್ತ!’ ಎಂದಳು ಮಲಕವ್ವ. ‘ಜಡ್ಡಾದ್ರ ಒಂಚೂರು ತಿಂದ್ರ ಏನಾಕ್ಕೈತ್ರಿ? ಮ್ಯಾಲ ಬಿಸಿನೀರು ಕುಡೀಲಿ.’

‘ಜೀರಿಗೆ ಕಷಾಯ ಕೊಡಾಣ’ ಎಂದ ಬಸಲಿಂಗ.

‘ಒಂದೇ ಒಂದು ಹೋಳಿಗೆ, ತುಪ್ಪ ಜಾಸ್ತಿ ಹಾಕಿ’ ಎಂದು ಇನ್ಯಾರೋ ಅಂದರು. ಹೋಳಿಗೆಯೊಂದು ಮತ್ತೆ ಗಾಳಿಯಲ್ಲಿ ಏಳತೊಡಗಿತು.

ಓರ್ಲಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ತನಗೆ ಬರುವ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು. ‘ಅಜ್ಜಿ, ಇದರಲ್ಲಿ ಗೋಧಿ ಇದೆಯಾ?’

ಅನುಸೂಯಮ್ಮ ಹೌದೆಂದು ತಲೆಯಾಡಿಸಿದರು. ಅವಳು ಎಲೆಯನ್ನು ಸ್ವಲ್ಪ ದೂರ ಸರಿಸಿದಳು. ಸಿಟ್ಟಿನಿಂದಲ್ಲ, ನೂರಾರು ಮನೆಗಳಲ್ಲಿ ಸರಿಸಿ ಅಭ್ಯಾಸವಾದ ಕೈ ಅದು. ‘ತಪ್ಪು ನನ್ನದು. ನಾನು ಕೇಳಬೇಕಿತ್ತು. ಈ ಮನೇಲಿ ಕೇಳೋದು ಬಿಟ್ಟುಬಿಟ್ಟಿದ್ದೆ’ ಎಂದು ತನ್ನ ಇಂಗ್ಲಿಷಿನಲ್ಲಿ ನಿಧಾನವಾಗಿ ಅಂದಳು.

ಅನುಸೂಯಮ್ಮ ಆ ಎಲೆಯನ್ನೇ ನೋಡುತ್ತಾ ಕುಳಿತರು. ಗಾಳಿಯಲ್ಲಿದ್ದ ಹೋಳಿಗೆ ತಟ್ಟೆಗೆ ಇಳಿಯಿತು.

‘ಕಿಟ್ಟಾ, ಇದು ಯಾವಾಗ ವಾಸಿ ಆಗ್ತದೆ?’

‘ಆಗಲ್ಲಮ್ಮ.’

‘ಜಲ್ಮ ಪೂರ್ತಿನಾ?’

‘ಜನ್ಮ ಪೂರ್ತಿ.’

‘ಒಂಬತ್ತು ವರ್ಷದ ಮಗು ಆದಾಗಿಂದ ನಾಲಿಗೆ ಕಟ್ಕೊಂಡು ಬಂದವ್ಳೆ. ನಾನು ಆಗಲಕಾಯಿ ಬುಟ್ಟು ಊರೆಲ್ಲ ಏಳ್ಕಂಡು ತಿರುಗಿದೆ.’ ಅವರು ಎದ್ದು ನಿಂತರು. ‘ಅವ್ಳು ಒತ್ತಿಲ್ಲ ಅಂದ್ರೆ ನಾನು ಒತ್ಕಂತೀನಿ. ಈ ಉಡ್ಗಿ ಮ್ಯಾಗೆ ಇರೋಗಂಟ ಈ ಮನೆ ಒಲೆ ಮ್ಯಾಗೆ ಗೋಧಿ ಬೇಯಲ್ಲ. ಇದು ಅರಕೆ. ಇನ್ನು ಯಾವನಾದ್ರೂ ಒಂಚೂರು ತಿನ್ನು, ಏನಾಗಲ್ಲ ಅಂದ್ರೆ ನನ್ನ ದ್ಯಾವ್ರಿಗೆ ಅಡ್ಡ ಬಂದಂಗೆ.’

ಮಲಕವ್ವ ತಕ್ಷಣ ಕೆನ್ನೆ ಬಡಿದುಕೊಂಡಳು. ಬಸಲಿಂಗ ಕಷಾಯದ ಮಾತು ಹಿಂತೆಗೆದುಕೊಂಡ. ಶೋಭಾರಾಣಿ ಗಂಡನ ಕಡೆ ಒಮ್ಮೆ ನೋಡಿದಳು. ಆ ನೋಟದ ವಿವರ ಇಲ್ಲಿ ಬೇಡ.

ಕೆಳಗಿನ ಅಡುಗೆಮನೆ ಮೈದಾಮಯವಾಗಿತ್ತು, ಮಲಕವ್ವನ ಒಲೆಯ ಮೇಲೆ ಹುಗ್ಗಿ ಉಕ್ಕಿತ್ತು. ಗೋಧಿಯ ಸೋಂಕಿಲ್ಲದ ಜಾಗವೆಂದರೆ ಎರಡನೇ ಮಹಡಿಯೊಂದೇ. ಹೆಂಗಸರೆಲ್ಲ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಹೊಸ ಕಡಲೆಬೇಳೆ, ಹೊಸ ಬೆಲ್ಲ ಹಿಡಿದು ಮೇಲೆ ಹತ್ತಿದರು. ಮೊದಲ ಮಹಡಿಯನ್ನೂ ಹತ್ತದ ಅನುಸೂಯಮ್ಮ ಮಲಕವ್ವನ ಭುಜ ಹಿಡಿದು ಎರಡನ್ನೂ ಹತ್ತಿದರು. ಓರ್ಲಾಳ ಡಬ್ಬಿಯ ಅಕ್ಕಿಹಿಟ್ಟು ಬಿಸಿನೀರಿನಲ್ಲಿ ಬೆಂದು, ಅದರೊಳಗೆ ಹೂರಣ ಸೇರಿ, ಕಡುಬು ಹಬೆಗೆ ಕೂತಿತು. ಕೃಷ್ಣಪ್ಪನವರಿಗೆ ವಿಧಿಸಿದ ಶಿಕ್ಷೆ ಬೇರೆ: ರಾಶಿ ಹೋಳಿಗೆ, ಚಿರೋಟಿ, ಉಂಡೆಗಳನ್ನು ಮನೆಮನೆಗೆ ಹಂಚಿ, ಪ್ರತಿ ಬಾಗಿಲಲ್ಲೂ ನಡೆದದ್ದನ್ನು ಮೊದಲಿನಿಂದ ಹೇಳುವುದು. ಬೇಕರಿಯ ಮುತ್ತಣ್ಣನೂ ಪೂರ್ತಿ ಕೇಳಿಯೇ ಬಿಟ್ಟ.

ಅದೆಲ್ಲ ಮುಗಿಸಿ, ಸ್ನಾನ ಮಾಡಿ, ಬೇರೆ ಅಂಗಿ ತೊಟ್ಟು ಅವರು ಮೆಟ್ಟಿಲು ಹತ್ತಿದಾಗ ಮೇಲೆ ನಗು ತುಂಬಿತ್ತು. ತೆರೆದ ಬಾಗಿಲಿನಲ್ಲಿ ಓರ್ಲಾ ಕಂಡಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕಡುಬು ಬಾಯಲ್ಲಿ, ಒಂದು ಕೈಯಲ್ಲಿ. ತುಪ್ಪ ಮೊಣಕೈವರೆಗೆ ಇಳಿದಿತ್ತು. ಏನು ಎಂದು ಕೇಳದೆ ಮೂರನೆಯದಕ್ಕೆ ಕೈ ಚಾಚಿದ್ದಳು. ಅವರನ್ನು ಕಂಡು ಪಕ್ಕಕ್ಕೆ ಸರಿದು ಚಾಪೆ ತಟ್ಟಿದಳು. ‘ಬನ್ನಿ ಅಂಕಲ್!’

ಕೃಷ್ಣಪ್ಪನವರು ಹೊಸಿಲಿಗೆ ಕಾಲಿಡುವಷ್ಟರಲ್ಲಿ ಅನುಸೂಯಮ್ಮನ ಕೈ ಅಡ್ಡ ಬಂತು.

‘ಅಲ್ಲೇ ನಿಲ್ಲು. ಬಾಯಿ ತೊಳ್ದಾ?’

‘ತೊಳೆದೆ ಅಮ್ಮ.’

‘ಮೀಸೆ?’

‘ತೊಳೆದೆ.’

‘ಜೇಬು?’

ಕೃಷ್ಣಪ್ಪನವರು ಬದಲಿಸಲು ಮರೆತಿದ್ದ ಪ್ಯಾಂಟಿನ ಜೇಬಿಗೆ ಕೈ ಹಾಕಿದರು. ಮೂಲೆಮನೆಗೆ ಬೀಗ ಹಾಕಿದ್ದರಿಂದ ಉಳಿದ ರವೆ ಉಂಡೆಯೊಂದು ಬೆರಳಿಗೆ ತಗುಲಿತು. ಮರುಮಾತಾಡದೆ ತಿರುಗಿ, ಇನ್ನೊಂದು ಸ್ನಾನಕ್ಕೆ ಮೆಟ್ಟಿಲಿಳಿದರು.